ಯೋಗಕ್ಷೇಮ ವಿಚಾರಿಸಿದ ಊರು

ಮದುವೆಮನೆಗೆ ಹೋಗಿಬಂದವರು ‘ಚೆನ್ನಾಗಿ ವಿಚಾರಿಸಿಕೊಂಡರು’ ಎಂದರೆ ಊಟ, ನೀರು, ಹಾಸಿಗೆ ಯಾವುದಕ್ಕೂ ಕೊರತೆಯಾಗಲಿಲ್ಲ ಎಂದು ನಾವು ತಿಳಿಯುತ್ತೇವೆ. ಗೊತ್ತಿಲ್ಲದ ಊರಿನಲ್ಲಿ ದಾರಿ ವಿಚಾರಿಸುತ್ತೇವೆ. ಠಾಣೆಗೆ ಕರೆಸಿಕೊಂಡು ಪೊಲೀಸರು ನಡೆಸುವುದೂ ವಿಚಾರಣೆಯೇ. ಕೇಳಿ ತಿಳಿಯುವುದು, ನೋಡಿಕೊಳ್ಳುವುದು, ಕೆದಕಿ ಹೆದರಿಸುವುದು, ಈ ಮೂರನ್ನೂ ಕನ್ನಡ ಒಂದೇ ಧಾತುವಿನಲ್ಲಿ ಹಿಡಿದಿಟ್ಟಿದೆ. ಕುಟುಂಬಗಳ ಯೋಗಕ್ಷೇಮಕ್ಕಾಗಿ ಪುಣೆಯಲ್ಲಿ ನಡೆದ ಸುಮಾರು ನೂರಅರವತ್ತು ವರ್ಷಗಳ ಕೆಲಸವನ್ನು ನೋಡುವಾಗ ಈ ಮೂರು ಅರ್ಥಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಧ್ಯಯನ ಮಾಡುವವರು ಬೇರೆ, ಸೇವೆ ಮಾಡುವವರು ಬೇರೆ ಎಂದು ಇಂದು ನಾವು ಎರಡು ಖಾನೆ ಮಾಡಿಕೊಂಡಿದ್ದೇವೆ. ಪುಣೆಯ ಚರಿತ್ರೆ ಈ ವಿಂಗಡಣೆಯನ್ನು ಒಪ್ಪುವುದಿಲ್ಲ. ಕೇಳುವುದೂ ನೋಡಿಕೊಳ್ಳುವುದೂ ಒಂದೇ ಕೈಯಲ್ಲಿದ್ದಾಗ ಅಲ್ಲಿ ಮನೆಗಳು ಉಳಿದವು. ಕೇಳದೆ ನೋಡಿಕೊಳ್ಳಲು ಹೋದಾಗ ಅದು ಮೂರನೆಯ ಅರ್ಥದ ವಿಚಾರಣೆಯಾಯಿತು. ಈ ಚರಿತ್ರೆಯ ಇಬ್ಬರು ಮುಖ್ಯ ವ್ಯಕ್ತಿಗಳು ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿದವರು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಶುರುವಾದದ್ದು ಒಂದು ಭಿತ್ತಿಪತ್ರದಿಂದ. 1863ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ವಿಧವೆಯರು ಗುಟ್ಟಾಗಿ ಬಂದು ಸುರಕ್ಷಿತವಾಗಿ ಹೆರಬಹುದು, ಮಗುವನ್ನು ಕರೆದೊಯ್ಯಬಹುದು ಇಲ್ಲವೇ ಅಲ್ಲಿಯೇ ಬಿಟ್ಟುಹೋಗಬಹುದು ಎಂಬ ಪ್ರಕಟಣೆ ಊರಿನ ಗೋಡೆಗಳ ಮೇಲೆ ಕಾಣಿಸಿಕೊಂಡಿತು. ಮಗ್ಗಿ ಕಲಿಯುವ ವಯಸ್ಸಿನಲ್ಲಿ ಮದುವೆಯಾಗಿ, ಗಂಡನ ಮುಖ ನೆನಪಿಟ್ಟುಕೊಳ್ಳುವ ಮೊದಲೇ ತಲೆ ಬೋಳಿಸಿಕೊಂಡು ಮನೆಯ ಕತ್ತಲಕೋಣೆ ಸೇರಿದ ಹೆಣ್ಣುಮಕ್ಕಳು ಅಂದು ಪೇಟೆಪೇಟೆಯಲ್ಲೂ ಇದ್ದರು. ಅದೇ ಮನೆಯ ಗಂಡಸರಿಂದಲೋ ನೆಂಟರಿಂದಲೋ ಬಸಿರಾದವಳ ಎದುರಿಗೆ ಉಳಿಯುತ್ತಿದ್ದದ್ದು ಬಾವಿ, ಇಲ್ಲವೇ ಕೂಸಿನ ಕೊಲೆ, ಆಮೇಲೆ ನ್ಯಾಯಾಲಯ. ಫುಲೆ ದಂಪತಿಗಳ ಮನೆಯಲ್ಲಿ ಹೆರಲು ಬಂದವಳನ್ನು ‘ಇದಕ್ಕೆ ಕಾರಣ ಯಾರು’ ಎಂದು ಕೇಳುತ್ತಿರಲಿಲ್ಲ. ಯಾವ ಪ್ರಶ್ನೆಯನ್ನು ಕೇಳಬಾರದು ಎಂಬ ತಿಳಿವಳಿಕೆಯೂ ಯೋಗಕ್ಷೇಮದ ಭಾಗ. ಆ ತಿಳಿವಳಿಕೆ ಆ ಪದ್ಧತಿಯನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಬರುತ್ತದೆ. ಅಲ್ಲಿ ಹೆತ್ತ ಕಾಶಿಬಾಯಿ ಎಂಬ ಬ್ರಾಹ್ಮಣ ವಿಧವೆಯ ಮಗನನ್ನು ಈ ಮಾಳಿ ದಂಪತಿಗಳು 1874ರಲ್ಲಿ ದತ್ತು ತೆಗೆದುಕೊಂಡರು. ಯಶವಂತ ಎಂಬ ಆ ಹುಡುಗ ಮುಂದೆ ವೈದ್ಯನಾದ.

ಇಲ್ಲೊಂದು ಆಕ್ಷೇಪ ಬರುತ್ತದೆ. ಕುಟುಂಬ ಹೊರಹಾಕಿದವರಿಗೆ ಆಶ್ರಯ ಕೊಡುವುದು ಕುಟುಂಬದ ಕ್ಷೇಮ ಹೇಗಾದೀತು, ಅದು ಕುಟುಂಬದ ಕಟ್ಟನ್ನು ಸಡಿಲಿಸಿದಂತಲ್ಲವೇ? ಅಂದಿನ ಪುಣೆಯ ಹಿರಿಯರೂ ಇದನ್ನೇ ಕೇಳಿದ್ದರು. ಆದರೆ ಒಂದು ಮನೆಯ ಆರೋಗ್ಯವನ್ನು ಅದರ ಯಜಮಾನನ ಆರೋಗ್ಯದಿಂದ ಅಳೆಯಲಾಗದು. ಯಾರು ಕೊನೆಗೆ ಉಣ್ಣುತ್ತಾರೆ, ಯಾರ ಜ್ವರವನ್ನು ಯಾರೂ ಮುಟ್ಟಿ ನೋಡುವುದಿಲ್ಲ, ಯಾರನ್ನು ಹೊಸ್ತಿಲಾಚೆ ನೂಕಲು ಹೆಚ್ಚು ಯೋಚಿಸಬೇಕಾಗಿಲ್ಲ, ಮನೆಯ ಸ್ಥಿತಿ ತಿಳಿಯುವುದು ಅಂಥವರಿಂದಲೇ. ಪುಣೆಯ ಸುಧಾರಕರು ಅಲ್ಲಿಂದಲೇ ಹೊರಟರು.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಕುಟುಂಬದವರು, ಮನೆಮಾತು ಮರಾಠಿ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಊರವರ ಸಿಟ್ಟಿಗೆ ಗುರಿಯಾಗಿ ಕಾಡಿಗೆ ಹೋಗಿ ನೆಲೆಸಿದ ಮನುಷ್ಯ ಅವರು. ಮಗಳಿಗೆ ಸಂಸ್ಕೃತ ಬಂದದ್ದು ತಾಯಿಯ ಬಾಯಿಂದ. ಪುರಾಣ ಹೇಳುತ್ತಾ ದೇಶ ಸುತ್ತಿದ ಆ ಸಂಸಾರ 1870ರ ದಶಕದ ಬರಗಾಲದಲ್ಲಿ ಹಸಿವಿನಿಂದ ನಾಶವಾಯಿತು. ತಂದೆ ತಾಯಿ ಇಬ್ಬರೂ ಹೋದರು. ಅಣ್ಣನೊಂದಿಗೆ ನಡೆಯುತ್ತಲೇ ಕಲ್ಕತ್ತೆ ತಲುಪಿದ ಆ ಹುಡುಗಿಗೆ ಅಲ್ಲಿನ ವಿದ್ವಾಂಸರು ಪಂಡಿತಾ ಎಂಬ ಬಿರುದು ಕೊಟ್ಟರು. ಬಂಗಾಳಿ ವಕೀಲ ಬಿಪಿನ್ ಬಿಹಾರಿಯನ್ನು ಜಾತಿ ಮೀರಿ ಮದುವೆಯಾಗಿ, 1882ರಲ್ಲಿ ವಿಧವೆಯಾಗಿ, ಕಂಕುಳಲ್ಲಿ ಮಗಳು ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಹಸಿವು, ಅನಾಥತನ, ವೈಧವ್ಯ, ಬಿಡಾರ ಬದಲಿಸುವ ಬದುಕು ಇವನ್ನೆಲ್ಲ ಅನುಭವಿಸಿಯೇ ಬಂದಿದ್ದರು.

ಅದೇ ವರ್ಷ ಶಿಕ್ಷಣದ ಬಗ್ಗೆ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ಪುಣೆಯಿಂದ ಎರಡು ಸಾಕ್ಷ್ಯಗಳು ಹೋದವು. ಹಳ್ಳಿಯ ರೈತರ ಮಕ್ಕಳಿಗೆ ಶಾಲೆ ಏಕೆ ದಕ್ಕುತ್ತಿಲ್ಲ ಎಂದು ಫುಲೆ ಬರೆದುಕೊಟ್ಟರು. ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರು ಬೇಕು, ಹೆಣ್ಣು ವೈದ್ಯರು ಬೇಕು, ಏಕೆಂದರೆ ಇಲ್ಲಿನ ಹೆಂಗಸರು ತಮ್ಮ ಕಾಯಿಲೆಯನ್ನು ಗಂಡಸಿನ ಮುಂದೆ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳದೆಯೇ ಸಾಯುತ್ತಾರೆ ಎಂಬ ವಾದವನ್ನು ರಮಾಬಾಯಿ ಮುಂದಿಟ್ಟರು. ಹೆಣ್ಣು ವೈದ್ಯರ ಮಾತು ಶಿಕ್ಷಣ ಆಯೋಗದ ವ್ಯಾಪ್ತಿ ಮೀರಿದ್ದು ಎನಿಸಬಹುದು. ಆದರೆ ಮನೆಯೊಳಗಿನ ಬದುಕನ್ನು ಬಲ್ಲವರು ಶಾಲೆಯನ್ನೂ ಆಸ್ಪತ್ರೆಯನ್ನೂ ಬೇರೆ ಬೇರೆ ಮಾಡಲಾರರು. ಮುಂದೆ 1887ರಲ್ಲಿ ಅಮೆರಿಕದಲ್ಲಿದ್ದಾಗ ಮೇಲ್ಜಾತಿ ಹಿಂದೂ ಸ್ತ್ರೀಯ ಕುರಿತು ಬರೆದ ಪುಸ್ತಕದಲ್ಲಿ ಅವರು ಧರ್ಮಶಾಸ್ತ್ರದ ಮಾತುಗಳ ಪಕ್ಕದಲ್ಲೇ ಜನಗಣತಿಯ ಅಂಕಿಗಳನ್ನು ಇಟ್ಟರು. ಓದುಬಲ್ಲ ಹೆಂಗಸರು ಎಷ್ಟು, ಬಾಲವಿಧವೆಯರು ಎಷ್ಟು ಎಂದು ಎಣಿಸಿ ತೋರಿಸಿದರು. ಸಂಸ್ಕೃತ ಪಂಡಿತೆಯೊಬ್ಬರು ತಮ್ಮ ಸಮಾಜದ ಸಂಸಾರವನ್ನು ಹೀಗೆ ಲೆಕ್ಕದಲ್ಲಿ ಓದಿದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಆ ಪುಸ್ತಕದಿಂದ ಬಂದ ಹಣ ಮತ್ತು ಅಮೆರಿಕದ ಗೆಳೆಯರ ನೆರವಿನಿಂದ 1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಬಂತು.

ಶಾರದಾ ಸದನದ ಕಥೆ ಸರಳವಲ್ಲ, ಸರಳಗೊಳಿಸಿ ಹೇಳುವುದು ಅನ್ಯಾಯ. ರಮಾಬಾಯಿ 1883ರಲ್ಲೇ ಇಂಗ್ಲೆಂಡಿನಲ್ಲಿ ಕ್ರೈಸ್ತರಾಗಿದ್ದರು. ಸದನದಲ್ಲಿ ಧರ್ಮಬೋಧೆ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ಹಿಂದೂ ಕುಟುಂಬಗಳು ಮಕ್ಕಳನ್ನು ಕಳಿಸಿದ್ದವು, ನ್ಯಾಯಮೂರ್ತಿ ರಾನಡೆ ಮತ್ತು ರಾ. ಗೋ. ಭಾಂಡಾರ್ಕರ್ ಸಲಹಾ ಸಮಿತಿಯಲ್ಲಿದ್ದರು. ಕೆಲವು ಹುಡುಗಿಯರು ರಮಾಬಾಯಿಯ ಪ್ರಾರ್ಥನೆಯಲ್ಲಿ ಕೂರುತ್ತಾರೆಂಬ ಸುದ್ದಿ ಹಬ್ಬಿ, ಕೇಸರಿ ಪತ್ರಿಕೆ ಕಟುವಾಗಿ ಬರೆದು, 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು. ಹಲವು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಶ್ರಯ ಬೇಡಿ ಬಂದವರ ಅಸಹಾಯಕತೆ ನಂಬಿಕೆ ಬದಲಿಸುವ ಸಾಧನವಾಗಬಾರದು ಎಂಬ ಮಾತು ನ್ಯಾಯವಾದದ್ದು, ಅದನ್ನು ಹೇಳಿದವರೆಲ್ಲ ಮತಾಂಧರಾಗಿರಲಿಲ್ಲ. ಆದರೂ ಆ ದೊಡ್ಡ ಗದ್ದಲದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಪತ್ರಿಕೆಗಳು ರಮಾಬಾಯಿಯನ್ನು ಪ್ರಶ್ನಿಸಿದವು, ರಮಾಬಾಯಿ ಪತ್ರಿಕೆಗಳಿಗೆ ಉತ್ತರಿಸಿದರು, ಸಮಿತಿ ಎರಡೂ ಕಡೆ ತೂಗಿತು. ಸದನದ ವಿಧವೆಯರಿಗೆ ಏನು ಬೇಕು, ಹಿಂದಿರುಗುವ ಮನೆಯಲ್ಲಿ ಅವರಿಗೇನು ಕಾದಿದೆ ಎಂಬುದು ಯಾರ ವಾದದ ನಡುಮನೆಗೂ ಬರಲಿಲ್ಲ.

ಉತ್ತರ ಬಂದದ್ದು ಸದನದ ಮೊದಲ ವಿದ್ಯಾರ್ಥಿನಿಯ ಬದುಕಿನಿಂದ. ಕೊಂಕಣದ ಬಾಲವಿಧವೆ ಗೋದೂಬಾಯಿ ಸದನದಲ್ಲಿ ಓದಿ, ಅದೇ 1893ರ ಮಾರ್ಚ್‌ನಲ್ಲಿ, ಹೆಂಡತಿಯನ್ನು ಕಳೆದುಕೊಂಡಿದ್ದ ಫರ್ಗ್ಯುಸನ್ ಕಾಲೇಜಿನ ಗಣಿತದ ಅಧ್ಯಾಪಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿಯಾದರು. ಕರ್ವೆಯವರ ಊರು ಮುರುಡ್ ಅವರಿಗೆ ಬಹಿಷ್ಕಾರ ಹಾಕಿತು. ಮೂರು ವರ್ಷದ ನಂತರ, 1896ರಲ್ಲಿ, ಕರ್ವೆ ವಿಧವೆಯರಿಗಾಗಿ ತಮ್ಮದೇ ಆಶ್ರಮ ಕಟ್ಟಿದರು. ಅಲ್ಲಿ ಮತದ ಪ್ರಶ್ನೆ ಏಳಲಿಲ್ಲ, ಮರುಮದುವೆಯ ಒತ್ತಾಯವೂ ಇರಲಿಲ್ಲ. ಓದು ಮತ್ತು ಸ್ವಂತ ಕಾಲಮೇಲೆ ನಿಲ್ಲುವ ಕೆಲಸ ಇತ್ತು. ತಾವೇ ವಿಧವೆಯನ್ನು ಮದುವೆಯಾದವರು ಆಶ್ರಮದಲ್ಲಿ ಅದನ್ನು ಗುರಿಯಾಗಿಡದಿದ್ದುದು ಶಾರದಾ ಸದನದ ಬಿಕ್ಕಟ್ಟಿನಿಂದ ಕಲಿತ ಪಾಠ ಎಂದೇ ನನ್ನ ಎಣಿಕೆ. ಸೇವೆ ಮಾಡುವವರ ಆದರ್ಶ ಎಷ್ಟೇ ದೊಡ್ಡದಿರಲಿ, ಅದು ಆಶ್ರಯ ಪಡೆಯುವವರ ಮೇಲೆ ಹೊರೆಯಾಗಬಾರದು ಎಂಬ ಎಚ್ಚರ ಅದು. ಊರಲ್ಲಿ ಪ್ಲೇಗು ಹರಡಿದ್ದರಿಂದ 1900ರಲ್ಲಿ ಆಶ್ರಮ ಹಿಂಗಣೆ ಹಳ್ಳಿಗೆ ಹೋಯಿತು, 1916ರಲ್ಲಿ ಅದರ ಮಗ್ಗುಲಲ್ಲೇ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿತು.

ಮೂರನೆಯ ಅರ್ಥದ ವಿಚಾರಣೆ ಹೇಗಿರುತ್ತದೆಂದು ಪುಣೆಗೆ ತಿಳಿದದ್ದು ಆ ಪ್ಲೇಗಿನಲ್ಲೇ. 1897ರ ಮಾರ್ಚ್‌ನಿಂದ ಡಬ್ಲ್ಯು. ಸಿ. ರ‍್ಯಾಂಡ್ ನೇತೃತ್ವದ ಸಮಿತಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ಅಡುಗೆಮನೆ, ದೇವರಮನೆ ಒಂದೂ ಬಿಡಲಿಲ್ಲ. ಕಂಕುಳು ನೋಡಿ, ಗಂಟು ಕಂಡವರನ್ನು ಆಸ್ಪತ್ರೆಗೆ, ಜತೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಸಾಗಿಸಿತು. ಉದ್ದೇಶ ರೋಗ ತಡೆಯುವುದೇ ಆಗಿತ್ತು, ಪ್ರತ್ಯೇಕಿಸುವುದು ವೈದ್ಯಕೀಯವಾಗಿ ತಪ್ಪೂ ಅಲ್ಲ. ಆದರೆ ಬಾಗಿಲು ತಟ್ಟದೆ ಒಳಗೆ ಬಂದವನನ್ನು ಯಾರೂ ವೈದ್ಯನೆಂದು ಕಾಣುವುದಿಲ್ಲ. ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟರು. ರಮಾಬಾಯಿ ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರ ಸ್ಥಿತಿ ಕಂಡು ಪತ್ರಿಕೆಗೆ ಬರೆದರು. ಗವರ್ನರ್ ಅದನ್ನು ತಳ್ಳಿಹಾಕಿದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದರು.

ಅದೇ ವರ್ಷದ ಆರಂಭದಲ್ಲಿ ಹಡಪ್ಸರದ ಕಡೆಯ ಬಯಲಿನಲ್ಲಿ ಇನ್ನೊಂದು ಬಗೆಯ ಆಸ್ಪತ್ರೆ ನಡೆದಿತ್ತು. ಸೇನೆಯ ಕೆಲಸದಲ್ಲಿದ್ದ ಯಶವಂತನನ್ನು ಸಾವಿತ್ರಿಬಾಯಿ ಕರೆಸಿಕೊಂಡು ಅದನ್ನು ತೆರೆಸಿದ್ದರು. ಮುಂಢವೆಯ ಮಹಾರವಾಡೆಯಲ್ಲಿ ಹುಡುಗನೊಬ್ಬನಿಗೆ ಪ್ಲೇಗು ತಗುಲಿದೆ ಎಂದು ತಿಳಿದಾಗ ಅರುವತ್ತು ದಾಟಿದ ಆ ಹೆಂಗಸು ತಾವೇ ಹೋಗಿ ಅವನನ್ನು ಬೆನ್ನಮೇಲೆ ಹೊತ್ತು ತಂದರೆಂದು ಅಲ್ಲಿನವರು ಹೇಳುತ್ತಾ ಬಂದಿದ್ದಾರೆ. ಹುಡುಗ ಉಳಿದ. ರೋಗ ತಗುಲಿ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಹೆಸರು ಕೇಳದೆ ಹೆರಿಗೆ ಮಾಡಿಸಿ ಉಳಿಸಿಕೊಂಡಿದ್ದ ಕೂಸು, ಅಂದು ವೈದ್ಯನಾಗಿ ತಾಯಿಯ ಪಕ್ಕದಲ್ಲಿತ್ತು.

ಆ ವರ್ಷಗಳ ಬರಗಾಲ ರಮಾಬಾಯಿಯ ಕೆಲಸದ ಸ್ವರೂಪವನ್ನೇ ಬದಲಿಸಿತು. ಶಾರದಾ ಸದನ ಮೇಲ್ಜಾತಿ ವಿಧವೆಯರದ್ದು. 1896–97ರಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಅವರು ಕರೆತಂದ ನೂರಾರು ಹುಡುಗಿಯರು ಹಲವು ಜಾತಿಗಳವರು, ಹಲವು ಭಾಷೆಗಳವರು. ಪುಣೆಯಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಎದ್ದ ಮುಕ್ತಿ ಸದನದಲ್ಲಿ 1900ರ ಗುಜರಾತ್ ಬರದ ಹೊತ್ತಿಗೆ ಸುಮಾರು ಎರಡು ಸಾವಿರ ಮಂದಿ ಇದ್ದರು. ಇಷ್ಟು ಜನರನ್ನು ಒಂದೇ ಚಾವಡಿಯಲ್ಲಿ ಒಂದೇ ಗಂಜಿ ಹುಯ್ದು ಸಾಕಬಹುದಿತ್ತು. ಹಾಗೆ ಮಾಡಲಿಲ್ಲ. ಮೋಸಹೋದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೂ ಕೈಲಾಗದವರಿಗೂ ಪ್ರೀತಿ ಸದನ, ಹುಡುಗರಿಗೆ ಸದಾನಂದ ಸದನ, ಕುರುಡರಿಗೆ ಬ್ರೈಲ್ ಕಲಿಸುವ ವ್ಯವಸ್ಥೆ, ಜತೆಗೆ ಹೊಲ, ಮಗ್ಗ, ಗಾಣ, ಅಚ್ಚುಕೂಟ. ಯಾರ ಕಷ್ಟ ಯಾವುದು ಎಂದು ಬಿಡಿಬಿಡಿಯಾಗಿ ವಿಚಾರಿಸಿದವರಿಗಷ್ಟೇ ಹೀಗೆ ಮನೆ ಕಟ್ಟಲು ಸಾಧ್ಯ. 1913ರಲ್ಲಿ ಅವರು ನಿಜಾಮರ ಸೀಮೆಯ ಗುಲ್ಬರ್ಗದಲ್ಲೂ ಹೆಣ್ಣುಮಕ್ಕಳ ಶಾಲೆ ತೆರೆದರು. ಘಟ್ಟದ ಕಾಡಿನಿಂದ ಹೊರಟ ಬದುಕು ಇನ್ನೊಂದು ದಿಕ್ಕಿನಿಂದ ಕನ್ನಡ ನೆಲಕ್ಕೆ ಮರಳಿ ಮುಟ್ಟಿದ ಬಗೆ ಇದು.

ರಮಾಬಾಯಿ ಹುಟ್ಟಿದ ತಿಂಗಳು ತಾರೀಖಿನಲ್ಲೇ, ಹದಿನೈದು ವರ್ಷ ತಡವಾಗಿ, 1873ರ ಏಪ್ರಿಲ್ 23ರಂದು ಜಮಖಂಡಿಯಲ್ಲಿ ಹುಟ್ಟಿದವರು ವಿಠ್ಠಲ ರಾಮಜಿ ಶಿಂದೆ. ಕನ್ನಡ ಮರಾಠಿ ಎರಡೂ ಬೀದಿಮಾತಾಗಿದ್ದ ಆ ಸಂಸ್ಥಾನದ ಊರಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜಿಗೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗಿಬಂದ ಅವರು ಮೊದಲು ಮಾಡಿದ್ದು ಎಣಿಕೆಯನ್ನೇ. 1901ರ ಜನಗಣತಿಯ ಸಂಪುಟಗಳನ್ನು ಹಿಡಿದು ಕೂತು ಈ ದೇಶದಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದರು. ಲೆಕ್ಕ ಹಾಕಿ ಸುಮ್ಮನಾಗಲಿಲ್ಲ. 1906ರಲ್ಲಿ ಮುಂಬೈಯಲ್ಲಿ ಅಸ್ಪೃಶ್ಯರ ಏಳಿಗೆಗಾಗಿ ಮಿಷನ್ ಕಟ್ಟಿ, ತಂದೆತಾಯಿ, ಸೋದರಿ ಜನಾಬಾಯಿ ಸಮೇತ ಆ ಜನರ ನಡುವೆಯೇ ಬಿಡಾರ ಹೂಡಿದರು. ಶಾಲೆ, ಹಾಸ್ಟೆಲು, ಮನೆಮನೆಗೆ ಹೋಗಿ ಬಾಣಂತಿ ಮಕ್ಕಳನ್ನು ನೋಡಿಬರುವ ಕೆಲಸ ಒಟ್ಟಿಗೇ ನಡೆದವು. ಮಿಷನ್ನಿನ ಶಾಖೆಗಳು ಹುಬ್ಬಳ್ಳಿ, ಮಂಗಳೂರಿನವರೆಗೂ ಬಂದವು. ಪುಣೆಯಲ್ಲಿ ಅದರ ನೆಲೆ ಅಹಲ್ಯಾಶ್ರಮವಾಯಿತು. ಜೇಜುರಿಯ ಖಂಡೋಬನಿಗೆ ಹೆಣ್ಣುಮಕ್ಕಳನ್ನು ಮುರಳಿಯಾಗಿ ಬಿಡುವ ಪದ್ಧತಿಯ ವಿರುದ್ಧ ಶಿಂದೆ ಎತ್ತಿದ ದನಿ ಕನ್ನಡದವರಿಗೆ ಹೊಸದಲ್ಲ. ಸವದತ್ತಿಯ ಗುಡ್ಡದಲ್ಲಿ ಮುತ್ತು ಕಟ್ಟುವುದನ್ನು ಕಂಡವರು ನಾವು. ‘ದೇವರಿಗೆ ಬಿಟ್ಟ ಮಗಳು’ ಎಂಬ ಮಾತಿನ ಹಿಂದೆ ಬಡ ಸಂಸಾರವೊಂದು ಮಗಳ ದುಡಿಮೆಯ ಮೇಲೆ ನಿಲ್ಲುವ ಲೆಕ್ಕಾಚಾರವಿದೆ ಎಂದು ತಿಳಿಯದೆ ಬರೀ ಪದ್ಧತಿಯನ್ನು ಬೈದರೆ ಪದ್ಧತಿ ಬೇರೆ ಹೆಸರಿನಲ್ಲಿ ಉಳಿಯುತ್ತದೆ.

ಹಸಿದವನಿಗೆ ಅನ್ನ ಬೇಕು, ಅವನ ಮನೆಯ ಪಟ್ಟಿ ಬರೆದುಕೊಂಡು ಏನಾಗಬೇಕು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಒಳ್ಳೆಯ ಉತ್ತರ ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಅವರ ಕೆಲಸದಲ್ಲಿದೆ. ಅವರು 1912ರಲ್ಲಿ ಪುಣೆಯ ಅಸ್ಪೃಶ್ಯ ಕುಟುಂಬಗಳ ಬದುಕಿನ ಬಗ್ಗೆ ಬರೆದರು. ಆಮೇಲೆ ಸಂಗಡಿಗರೊಂದಿಗೆ ಊರಾಚೆಯ ಪಿಂಪಳೆ ಸೌದಾಗರ್ ಎಂಬ ಹಳ್ಳಿಯನ್ನು ಮನೆಮನೆಯಾಗಿ, ತುಂಡುತುಂಡು ಹೊಲವಾಗಿ ಅಳೆದು 1917ರಲ್ಲಿ ಪುಸ್ತಕ ಮಾಡಿದರು. ಏಳುನೂರಕ್ಕೂ ಮಿಕ್ಕ ಹೊಲದ ತುಂಡುಗಳಲ್ಲಿ 463 ಒಂದು ಎಕರೆಗಿಂತ ಚಿಕ್ಕವು. ಹೆಚ್ಚಿನ ಸಂಸಾರಗಳು ಭೂಮಿಯೊಂದನ್ನೇ ನಂಬಿ ಬದುಕಲಾಗದ ಸ್ಥಿತಿಯಲ್ಲಿದ್ದವು. ಅದುವರೆಗೆ ರೈತ ಸಾಲಗಾರನಾಗುವುದು ಮದುವೆ ತಿಥಿಗಳ ದುಂದಿನಿಂದ ಎಂದು ಅಧಿಕಾರಿಗಳು ಸಲೀಸಾಗಿ ಹೇಳುತ್ತಿದ್ದರು. ಮ್ಯಾನ್ ಅವರ ಲೆಕ್ಕ ಬೇರೊಂದು ಕಾರಣವನ್ನು ಮುಂದೆ ತಂದಿತು: ದುಂದಿಲ್ಲದ ಮನೆಯನ್ನೂ ಆ ಭೂಮಿ ಸಾಕಲಾರದು. ಕಾರಣ ತಿಳಿಯದೆ ಅನ್ನ ಕೊಟ್ಟರೆ ನಾಳೆಯೂ ಕೊಡಬೇಕಾಗುತ್ತದೆ, ಜತೆಗೆ ಉಪದೇಶವನ್ನೂ ಕೊಡುವ ಚಟ ಹತ್ತುತ್ತದೆ. ಆ ಹಳ್ಳಿ ಇಂದು ಬಹುಮಹಡಿ ವಸತಿಗಳ ಬಡಾವಣೆ. 1930ರಲ್ಲಿ ಹುಟ್ಟಿದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ, ಧ. ರಾ. ಗಾಡ್ಗೀಳರ ಕೈಯಲ್ಲಿ, ಇದೇ ಬಗೆಯ ಸಮೀಕ್ಷೆಯನ್ನು ಇಡೀ ಪುಣೆ ನಗರಕ್ಕೆ ವಿಸ್ತರಿಸಿತು.

ಕುಟುಂಬವೆಂದರೆ ಎಲ್ಲೆಡೆ ಒಂದೇ ಅಲ್ಲ ಎಂಬುದನ್ನು ಪುಣೆಯಿಂದ ದೇಶಕ್ಕೆ ತೋರಿಸಿಕೊಟ್ಟವರು ಇರಾವತಿ ಕರ್ವೆ. ಧೋಂಡೋ ಕರ್ವೆ ಮತ್ತು ಆನಂದೀಬಾಯಿಯವರ ಮಗ ದಿನಕರರ ಹೆಂಡತಿ ಅವರು. ಎಂದರೆ ಶಾರದಾ ಸದನದ ಮೊದಲ ವಿದ್ಯಾರ್ಥಿನಿಯ ಸೊಸೆ. ಬರ್ಲಿನ್ನಿನಲ್ಲಿ ಓದಿ, 1939ರಿಂದ ಡೆಕ್ಕನ್ ಕಾಲೇಜಿನಲ್ಲಿದ್ದು, 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಉತ್ತರದಲ್ಲಿ ಹೆಣ್ಣನ್ನು ದೂರದ, ಗೊತ್ತಿಲ್ಲದ ಮನೆಗೆ ಕೊಡುತ್ತಾರೆ. ದಕ್ಷಿಣದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ, ಮಾವನ ಮಗನಿಗೆ ಕೊಡುವುದು ರೂಢಿ. ಮಹಾರಾಷ್ಟ್ರ ಇವೆರಡರ ನಡುವಿನ ನೆಲ. ಇದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ, ಭಾಷೆಯೇ ಹೇಳುತ್ತದೆ: ಕನ್ನಡದಲ್ಲಿ ಅಪ್ಪನ ಅಕ್ಕತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮರಾಠಿಯಲ್ಲಿ ಮೊದಲನೆಯವಳು ಆತ್ಯಾ, ಎರಡನೆಯವಳು ಸಾಸೂ. ಈ ವ್ಯತ್ಯಾಸ ಬರೀ ಪದಗಳದ್ದಲ್ಲ. ಹೊಸ ಸೊಸೆ ಕಾಲಿಡುವ ಅಡುಗೆಮನೆಯಲ್ಲಿ ಅವಳನ್ನು ಕೂಸಾಗಿದ್ದಾಗಿಂದ ಎತ್ತಾಡಿಸಿದವಳು ಇದ್ದಾಳೆಯೇ, ಮುಖವನ್ನೇ ಕಾಣದವಳು ಇದ್ದಾಳೆಯೇ ಎಂಬುದರ ಮೇಲೆ ಅವಳ ಮೊದಲ ಬಸಿರು, ಮೊದಲ ಜಗಳ, ವಿಧವೆಯಾದರೆ ಅವಳ ಗತಿ ಎಲ್ಲವೂ ನಿಂತಿರುತ್ತವೆ. ತವರು ಎರಡು ಬೀದಿ ಆಚೆ ಇರುವವಳ ಕಷ್ಟ ಬೇರೆ, ಎರಡು ದಿನದ ಹಾದಿ ಇರುವವಳ ಕಷ್ಟ ಬೇರೆ. ಹಾಗೆಂದು ಪರಿಚಿತ ಮನೆಯೆಲ್ಲ ಸುಖದ ಮನೆಯಲ್ಲ. ಅಣ್ಣತಂಗಿಯರ ಆಸ್ತಿಜಗಳ ಸೊಸೆಯ ಮೈಮೇಲೆ ಬೀಳುವುದನ್ನೂ, ರಕ್ತಸಂಬಂಧದ ಮದುವೆಗಳಲ್ಲಿ ಮಕ್ಕಳಿಗೆ ಬರಬಹುದಾದ ಕಾಯಿಲೆಗಳನ್ನೂ ನಾವು ಬಲ್ಲೆವು. ಕುಟುಂಬಕ್ಕೆ ನೆರವು ನೀಡುವವರು ಮೊದಲು ಆ ಕುಟುಂಬದ ನಕ್ಷೆಯನ್ನು ಅದರದೇ ಮಾತಿನಲ್ಲಿ ಓದಬೇಕು ಎಂಬುದಕ್ಕೆ ಇರಾವತಿಯವರ ಗ್ರಂಥದಷ್ಟು ದೊಡ್ಡ ಪುರಾವೆ ನಮ್ಮ ಹತ್ತಿರ ಬೇರೆ ಇಲ್ಲ. ಕೊಯ್ನಾ ಅಣೆಕಟ್ಟಿನಿಂದ ಮನೆ ಕಳೆದುಕೊಂಡವರು ಎಲ್ಲಿಗೆ ಹೋದರು, ಹೇಗೆ ಬದುಕುತ್ತಿದ್ದಾರೆ ಎಂದು ಜಾಯಿ ನಿಂಬಕರ್ ಜತೆಗೂಡಿ ಅವರು ವಿಚಾರಿಸಿದ್ದು ತಮ್ಮ ಕೊನೆಯ ವರ್ಷಗಳಲ್ಲಿ. ಆ ವರದಿ 1969ರಲ್ಲಿ ಬಂತು, ಮರುವರ್ಷ ಅವರು ತೀರಿಕೊಂಡರು.

ಅಂಕಿಗಳು ಜನರ ವಿರುದ್ಧವೇ ತಿರುಗುತ್ತವೆ ಎಂಬ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಗೋಖಲೆ ಸಂಸ್ಥೆಯ ವಿ. ಮ. ದಾಂಡೇಕರ್ ಮತ್ತು ಕುಮುದಿನಿ ದಾಂಡೇಕರ್ 1953ರಲ್ಲಿ ಪುಣೆ ಜಿಲ್ಲೆಯ ಜನನ ಮರಣಗಳ ಸಮೀಕ್ಷೆ ಪ್ರಕಟಿಸಿದರು. ಹೆಂಗಸರು ಎಷ್ಟು ಹೆತ್ತರು, ಎಷ್ಟು ಕಳೆದುಕೊಂಡರು, ಎಷ್ಟು ಸಾಕು ಎನಿಸಿತು ಎಂದು ಕೇಳಿ ಬರೆದುಕೊಂಡ ಅಂಥ ಕೆಲಸದ ಹಿಂದೆ ಆದರವಿತ್ತು. ಮೈಸೂರು ಸಂಸ್ಥಾನವಂತೂ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು, ಬೇಕಾದವರು ಬರಲಿ ಎಂದು. ಆದರೆ 1976ರ ತುರ್ತುಪರಿಸ್ಥಿತಿಯಲ್ಲಿ ಜನಸಂಖ್ಯೆಯ ಅಂಕಿಗಳೆಲ್ಲ ಗುರಿಗಳಾದವು, ಗುರಿಗಳು ಒತ್ತಾಯವಾದವು. ಕಡ್ಡಾಯ ಸಂತಾನಹರಣದ ಮಸೂದೆಯನ್ನು ಮಹಾರಾಷ್ಟ್ರದ ಶಾಸನಸಭೆ ಅಂಗೀಕರಿಸಿಯೂ ಬಿಟ್ಟಿತ್ತು. ರಾಷ್ಟ್ರಪತಿಯ ಅಂಕಿತ ಬೀಳಲಿಲ್ಲ. ರ‍್ಯಾಂಡ್ ಸಮಿತಿಯ ಮನಸ್ಸು ಎಂಬತ್ತು ವರ್ಷದ ನಂತರ ಸ್ವತಂತ್ರ ದೇಶದಲ್ಲೂ ಬದುಕಿತ್ತು ಎಂದು ಇದರಿಂದ ತಿಳಿಯಬೇಕು. ಆದ್ದರಿಂದ ಅಧ್ಯಯನವೇ ಬೇಡವೆನ್ನುವುದು ನನಗೆ ಸರಿ ಕಾಣುವುದಿಲ್ಲ. 1953ರ ಸಮೀಕ್ಷೆಯಲ್ಲಿ ಮಾತಾಡಿದವಳು ಹೆತ್ತವಳು. 1976ರ ಮಸೂದೆಯಲ್ಲಿ ಅವಳ ದನಿ ಎಲ್ಲಿಯೂ ಇರಲಿಲ್ಲ. ತಪ್ಪಾದದ್ದು ಅಲ್ಲಿ.

ಹೊರಗಿನವರು ಹೇಳಿದರೆ ಸಮುದಾಯಗಳು ಕೇಳುವುದಿಲ್ಲ, ಒಳಗಿನವರು ಹೇಳಿದರೆ ದ್ರೋಹಿ ಎನಿಸಿಕೊಳ್ಳುತ್ತಾರೆ. ಹಮೀದ್ ದಳವಾಯಿ ಎರಡನೆಯದಕ್ಕೆ ಎದೆಕೊಟ್ಟವರು. 1970ರ ಮಾರ್ಚ್ 22ರಂದು ಪುಣೆಯಲ್ಲಿ ಅವರು ಮುಸ್ಲಿಂ ಸತ್ಯಶೋಧಕ ಮಂಡಳ ಕಟ್ಟಿ, ಬಾಯಿಮಾತಿನ ತಲಾಖ್‌ನಿಂದ ಬೀದಿಗೆ ಬಿದ್ದ ಹೆಂಗಸರ ಪರವಾಗಿ ನಿಂತರು. ಹೆಸರನ್ನು ಆರಿಸಿಕೊಂಡದ್ದು 1873ರ ಫುಲೆಯವರ ಸತ್ಯಶೋಧಕ ಸಮಾಜದಿಂದ. ಸತ್ಯ ಶೋಧಿಸುವುದು ಮೊದಲು, ಸಾಂತ್ವನ ಆಮೇಲೆ ಎಂಬ ಕ್ರಮ ಆ ಹೆಸರಿನಲ್ಲೇ ಇದೆ.

ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯದ ಪುಣೆ ಕೇಂದ್ರದ ವಯಸ್ಕರ ಶಿಕ್ಷಣ ವಿಭಾಗದವರು 1990ರ ಸುಮಾರಿಗೆ ಕಸದಲ್ಲಿ ಕಾಗದ, ಗಾಜು, ತಗಡು ಆಯುವ ಹೆಂಗಸರ ಬಳಿಗೆ ಅಕ್ಷರ ಕಲಿಸಲು ಹೋದರು. ಅವರಲ್ಲಿ ಬಹುಮಂದಿ ದಲಿತರು, ಹಲವರು ಬರದಿಂದ ಹಳ್ಳಿ ಬಿಟ್ಟು ಬಂದ ಮನೆಗಳವರು, ಮನೆ ನಡೆಸುವ ಹೊಣೆ ಹೊತ್ತವರು. ಮಕ್ಕಳೂ ತಾಯಂದಿರ ಜತೆ ಚೀಲ ಹಿಡಿದು ತೊಟ್ಟಿಗೆ ಇಳಿಯುತ್ತಿದ್ದರು. ಅಕ್ಷರಕ್ಕಿಂತ ಮೊದಲು ನಮಗೆ ಕೊಳೆಯದ, ಬೇರ್ಪಡಿಸಿದ ಕಸ ಕೈಗೆ ಸಿಗುವಂತೆ ಮಾಡಿ, ಕಳ್ಳಿಯರೆಂದು ಯಾರೂ ಹಿಡಿಯದಂತೆ ಗುರುತಿನ ಚೀಟಿ ಕೊಡಿಸಿ ಎಂಬುದು ಆ ಹೆಂಗಸರ ಬೇಡಿಕೆ. ವಿಭಾಗದವರು ಪಾಠದ ಯೋಜನೆ ಪಕ್ಕಕ್ಕಿಟ್ಟರು. 1993ರಲ್ಲಿ, ಹಮಾಲರ ಸಂಘಟನೆಯ ನಾಯಕ ಬಾಬಾ ಆಢಾವರ ಜತೆಗೂಡಿ, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿದರು. ಈ ಹೆಂಗಸರು ದಿನಕ್ಕೆ ಎಷ್ಟು ಆಯುತ್ತಾರೆ, ಅದರಿಂದ ಪಾಲಿಕೆಗೆ ಎಷ್ಟು ಸಾಗಣೆ ಖರ್ಚು ಉಳಿಯುತ್ತದೆ ಎಂದು ಅಧ್ಯಯನ ಮಾಡಿ, ಆ ಲೆಕ್ಕವನ್ನೇ ಮುಂದಿಟ್ಟು ಗುರುತಿನ ಚೀಟಿ, ಆಮೇಲೆ ಪಾಲಿಕೆಯ ಹಣದಲ್ಲಿ ಆರೋಗ್ಯ ವಿಮೆ ಪಡೆದರು. 2008ರಿಂದ ಅವರದೇ ಸಹಕಾರ ಸಂಘ ಮನೆಮನೆಯಿಂದ ಕಸ ಸಂಗ್ರಹಿಸುವ ಒಪ್ಪಂದ ಮಾಡಿಕೊಂಡಿತು. ವಿಧವೆಯರ ಆಶ್ರಮದಿಂದ ಬೆಳೆದ ವಿದ್ಯಾಪೀಠ ಒಂದು ಶತಮಾನದ ಅಂಚಿಗೆ ಬಂದು ಪಾಠ ಹೇಳುವುದನ್ನು ಬಿಟ್ಟು ಪಾಠ ಕೇಳಿಸಿಕೊಂಡಿತು, ಅದರಿಂದ ಸಾವಿರಾರು ಮನೆಗಳಲ್ಲಿ ಮಕ್ಕಳ ಹೆಗಲ ಚೀಲ ಬದಲಾಯಿತು.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಬಾನೂ ಕೊಯಾಜಿ, ಪಾರ್ಸಿ ಮನೆತನದ ವೈದ್ಯೆ, 1970ರ ದಶಕದಲ್ಲಿ ವಢೂ ಹಳ್ಳಿಯ ಸುತ್ತ ಆಯಾ ಊರಿನವರನ್ನೇ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿದರು. ಅದೇ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕರ ತಂಡ 1993ರಲ್ಲಿ ಪುಣೆ ಬಳಿಯ ಆರು ಹಳ್ಳಿಗಳಲ್ಲಿ ಬಸಿರಿಯರ ಅಧ್ಯಯನ ಕೈಗೊಂಡಿತು. ಕಾರ್ಯಕರ್ತೆಯರು ತಿಂಗಳು ತಿಂಗಳೂ ಮನೆಗೆ ಹೋಗಿ ಸೊಸೆಯ ಮುಟ್ಟಿನ ದಿನ ಬರೆದುಕೊಂಡರು. ಬಸಿರಾದ ಮೇಲೆ ನಿನ್ನೆ ಏನು ತಿಂದೆ, ಎಷ್ಟು ಭಾಕರಿ, ಸೊಪ್ಪು ಇತ್ತೇ, ಹಾಲು ಇತ್ತೇ, ಎಷ್ಟು ಕೊಡ ನೀರು ಹೊತ್ತೆ, ಹೊಲಕ್ಕೆ ಹೋದೆಯಾ ಎಂದು ಕೇಳಿದರು. ಕೂಸು ಹುಟ್ಟಿದಾಗ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸು 3.5 ಕಿಲೋ. ತೆಳುವಾಗಿ ಕಾಣುವ ಆ ಕೂಸಿನ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಮಾತ್ರ ಕಡಿಮೆಯಿಲ್ಲ. ಮುಂದೆ ಸಕ್ಕರೆ ಕಾಯಿಲೆಯ ಬೀಜ ಅಲ್ಲಿಯೇ. ಸೊಪ್ಪು, ಹಣ್ಣು, ಹಾಲು ಹೆಚ್ಚು ಸಿಕ್ಕ ತಾಯಂದಿರ ಕೂಸುಗಳು ದೊಡ್ಡವಾಗಿದ್ದವು, ಮೈಮುರಿದು ದುಡಿದವರ ಕೂಸುಗಳು ಚಿಕ್ಕವಾಗಿದ್ದವು. ಹೆಚ್ಚು ಮಂದಿಗೆ ಬಿ12 ಸಾಲದು ಎಂಬುದೂ ಗೊತ್ತಾಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿಟ್ಟ ಹೆರಿಗೆಯ ದಾಖಲೆಗಳ ಮೇಲೆ ನಡೆದ ಅಧ್ಯಯನ ಇದಕ್ಕೆ ಜತೆಗೂಡಿತು. ಬಸಿರಿಯ ತಟ್ಟೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರಿಸುವವರು ಅವಳು, ಅವಳ ಅತ್ತೆ, ಹೊಲ, ಬಾವಿಯ ದೂರ ಎಲ್ಲವೂ ಸೇರಿ. ಅಂದರೆ ಇಡೀ ಮನೆ.

ಆ ಆರು ಹಳ್ಳಿಗಳ ಕೂಸುಗಳನ್ನು ತಂಡ ಬಿಟ್ಟುಬಿಡಲಿಲ್ಲ. ಆರು ವರ್ಷಕ್ಕೆ, ಹನ್ನೆರಡಕ್ಕೆ, ಹದಿನೆಂಟಕ್ಕೆ ಮತ್ತೆ ಕರೆದು ನೋಡಿತು. 2012ರಿಂದ ಅವರಿಗೇ ಬಿ12 ಮಾತ್ರೆ ಕೊಡತೊಡಗಿತು, ಮದುವೆಯಾಗಿ ಮಕ್ಕಳಾಗುವ ಮೊದಲೇ ಮೈ ಗಟ್ಟಿಯಾಗಲಿ ಎಂದು. ತೂಗಿಸಿಕೊಂಡ ಆ ಹುಡುಗಿಯರಲ್ಲಿ ಹಲವರು ಈಗ ತಾಯಂದಿರು. ಅವರ ಕೂಸುಗಳನ್ನೂ ಹುಟ್ಟಿದೊಡನೆ ತಕ್ಕಡಿಯ ಮೇಲೆ ಮಲಗಿಸಿ, ಅಜ್ಜಿಯ ತಟ್ಟೆಯ ಲೆಕ್ಕವಿರುವ ಕಡತದಲ್ಲೇ ಮುಂದಿನ ಸಾಲಾಗಿ ತೂಕ ಬರೆದುಕೊಳ್ಳುತ್ತಾರೆ.